ಹೊರಗಿನ ಸೀಸ

"ಗಿರಣಿ ತೊಳದಿದ್ದಿ ಇಲ್ಲೋ, ಅಷ್ಟ ಹೇಳು," ಎಂದು ನಿಖತ ಮೇಡಂ ಮೂರನೆಯ ಸಲ ಕೇಳಿದಾಗ ಫಯಾಜ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ತೊಳದೀನ್ರಿ. ಆ್ಯಸಿಡ್‌ನಾಗ ಒಮ್ಮಿ, ನೀರಿನಾಗ ಮೂರು ಸಲ. ಎಂಟು ವರ್ಷಾತು, ಒಮ್ಮೆರೆ ತಪ್ಪಿಸೀನೇನ್ರಿ?"

ಕಿಟಕಿಯ ಪಕ್ಕ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ಕಸ್ತೂರಿ ತಲೆ ಎತ್ತಲಿಲ್ಲ. ಕೆಳಗೆ ಸ್ಟೇಷನ್ ರಸ್ತೆಯ ಆಟೋಗಳ ಸದ್ದು ಮೇಲಿನ ಪ್ರಯೋಗಾಲಯದವರೆಗೂ ಬರುತ್ತಿತ್ತು. ಫಯಾಜ ಗಿರಣಿಯಲ್ಲಿ ಪುಡಿ ಮಾಡಿದ ಕಲ್ಲಿನಿಂದ ಜಿರ್ಕಾನ್ ಎಂಬ ಹರಳುಗಳನ್ನು ಸೂಜಿಯ ತುದಿಯಲ್ಲಿ ಎತ್ತಿ ಸಾಲಾಗಿ ಇಡುವುದು ಅವಳ ಕೆಲಸ. ಎಳ್ಳಿನ ಕಾಳೂ ಅವುಗಳ ಮುಂದೆ ಗುಂಡುಕಲ್ಲು. ಎರಡು ವರ್ಷದ ಹಿಂದೆ ಕಲ್ಲು ನೋಡಲು ಅವಳ ಊರಾದ ಕಳ್ಳಕವಟಗಿಗೆ ಬಂದಿದ್ದ ಮೇಡಂ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹುಡುಗಿಯ ಬೆರಳುಗಳನ್ನೇ ಸುಮಾರು ಹೊತ್ತು ನೋಡಿ, "ಸಾಲಿ ಎಷ್ಟರ ಮಟ ಆಗೇತಿ?" ಎಂದು ಕೇಳಿದ್ದರು. "ಏಳನೇತ್ತ," ಎಂದಿದ್ದಳು ಕಸ್ತೂರಿ, ಮೊರದಿಂದ ಕಣ್ಣೆತ್ತದೆ. "ಸಾಕು," ಎಂದಿದ್ದರು ಮೇಡಂ.

ಈ ಬೇಸಿಗೆಯಲ್ಲಿ ಅದೇ ಕಳ್ಳಕವಟಗಿಯಲ್ಲಿ ಯಂತ್ರ ಇಳಿಸಿ ನೆಲ ಕೊರೆದಿದ್ದರು. ಇನ್ನೂರು ಮೀಟರಿಗೂ ಹೆಚ್ಚು ಕರಿಕಲ್ಲು. ಅದರ ತಳದಲ್ಲಿ ಒಂದು ಗೇಣು ಗ್ರಾನೈಟ್ ಬಂದಿತ್ತು. ಅಷ್ಟರಲ್ಲಿ ಕೊರೆಯುವ ಹಲ್ಲು ಮುರಿದಿತ್ತು. ಆ ಗೇಣು ಕಲ್ಲಿನಿಂದ ಕಸ್ತೂರಿ ಆರಿಸಿದ ಹರಳುಗಳು ದೂರದ ಊರಿನ ಯಂತ್ರಕ್ಕೆ ಹೋಗಿ ಕಲ್ಲಿನ ವಯಸ್ಸು ಹೇಳಿದ್ದವು: ಇನ್ನೂರೈವತ್ತು ಕೋಟಿ ವರ್ಷ. ಉಳಿದ ಪ್ರಶ್ನೆ ಅದು ಎಲ್ಲಿಂದ ಬಂತು, ಯಾವ ಹಳೆಯ ಕಲ್ಲು ಕರಗಿ ಈ ಕಲ್ಲಾಯಿತು ಎಂಬುದು. ಅದನ್ನು ಹೇಳಬೇಕಾದದ್ದು ಕಲ್ಲಿನ ಪುಡಿಯಲ್ಲಿರುವ ಸೀಸ. ಆ ಲೆಕ್ಕ ಇವತ್ತು ಬೆಳಿಗ್ಗೆ, ಈ ಕೊರೆತದ ಕೆಲಸದ ಮುಖ್ಯಸ್ಥ ಚಂದ್ರಕಾಂತ ಸರ್ ಮೂಲಕ ಬಂದಿತ್ತು.

"ಇರಬೇಕಾದ್ದಕ್ಕಿಂತ ಏಳು ಪಟ್ಟು ಸೀಸ ಐತಿ," ಎಂದರು ಮೇಡಂ. "ಅದೂ ಈ ಕಲ್ಲಿಂದಲ್ಲ. ಕಾರ್ಖಾನಿ ಸೀಸ. ಚಂದ್ರಕಾಂತ ಸರ್ ಫೋನ್ ಮಾಡಿದ್ರು. ಪುಡಿ ಮಾಡಿದವನ ಮನ್ಯಾಗ ಏನು ಉದ್ಯೋಗ ಅಂತ ಕೇಳಿದ್ರು."

ಫಯಾಜನ ಮುಖ ಇಳಿಯಿತು. ಗಾಂಧಿ ಚೌಕದ ಹಿಂದೆ ಅವನ ತಂದೆ ಬಾಬುಸಾಬನ ಸೀಸದ ಬ್ಯಾಟರಿ ರಿಪೇರಿ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದುಕೊಟ್ಟೇ ಅವನು ಇಲ್ಲಿಗೆ ಬರುವುದು.

"ಅಂಗಿ ಅರಬಿ ಬದಲಿ ಮಾಡೇ ಬರ್ತೀನ್ರಿ. ಜಳಕಾ ಮಾಡಿ ಬರ್ತೀನಿ."

"ನನಗ ಗೊತ್ತು. ಆದ್ರ ಸರ್ ಬ್ಯಾರೆಯವ್ರನ್ನ ನೋಡ್ರಿ ಅಂದಾರ. ನಾ ಏನ್ ಹೇಳ್ಲಿ? ಬ್ಯಾಟರಿ ಇಲ್ಲಂದ್ರ ಮತ್ತೆಲ್ಲಿಂದ ಬಂತು? ಇಲ್ಲಿ ಹಳೇ ಪೇಂಟ್ ಇಲ್ಲ, ಬೆಸುಗಿ ಇಲ್ಲ, ಸೀಸ ಬೆರಸಿದ ಸಿಂಧೂರ, ಹಲ್ಕಾ ಕುಂಕುಮ, ಅಂಥಾವು ಇಲ್ಲ..."

ಸೂಜಿ ಕಸ್ತೂರಿಯ ಬೆರಳಿನಲ್ಲೇ ನಿಂತಿತು.

ಶ್ರಾವಣದ ಮೊದಲ ಸೋಮವಾರ ಅವಳೇ ಮೊದಲು ಬಂದು ಬೀಗ ತೆಗೆದಿದ್ದಳು. ಮೇಜಿನ ಮೇಲೆ ಆ ಕಲ್ಲು ನಿಂತಿತ್ತು. ಗುಂಡಗೆ, ನುಣ್ಣಗೆ, ಗೇಣುದ್ದ. ತನ್ನ ಊರಿನ ನೆಲದಡಿ ಇಷ್ಟು ಕಾಲ ಕತ್ತಲಲ್ಲಿದ್ದದ್ದು. ಅದರ ಮುಂದೆ ಸುಮ್ಮನೆ ನಿಲ್ಲಲು ಅವಳಿಂದ ಆಗಿರಲಿಲ್ಲ. ಮನೆಗೆಂದು ಅಗ್ಗಕ್ಕೆ ಕೊಂಡ ಪೂಜೆಯ ಪೊಟ್ಟಣ ಬಿಚ್ಚಿ ವಿಭೂತಿ ಎಳೆದು, ಕುಂಕುಮ ಹಚ್ಚಿ, ಒಂದು ಲೋಟ ನೀರು ಹಾಕಿದ್ದಳು. ಕೆಂಪು ನೀರು ಸಣ್ಣ ಬಿರುಕುಗಳಲ್ಲಿ ಇಳಿದಿತ್ತು. ಆಮೇಲೆ ಹೆದರಿ, ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದಿದ್ದಳು.

ಫಯಾಜ ಏಪ್ರನ್ನಿನ ಗಂಟು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು. ಅವನು ಅದರೊಂದಿಗೆ ಗುದ್ದಾಡುವುದನ್ನು ಕಸ್ತೂರಿ ನೋಡಿದಳು. ಬಾಯಿ ಮುಚ್ಚಿ ಕುಳಿತರೆ ಯಾರಿಗೂ ತಿಳಿಯುವುದಿಲ್ಲ.

"ನಾ ಹಚ್ಚೀನ್ರಿ," ಎಂದಳು.

ಇಬ್ಬರಿಗೂ ಕೇಳಿಸಲಿಲ್ಲ. ಅವಳು ಎದ್ದು ನಿಂತಳು. "ಮೇಡಂ, ಕುಂಕುಮ ನಾ ಹಚ್ಚೀನ್ರಿ. ಆ ಕಲ್ಲಿಗೆ. ಶ್ರಾವಣ ಸ್ವಾಮಾರ ದಿನ. ತೊಳದೀನಿ, ಹೋಗೇತಿ ಅಂತ ತಿಳದಿದ್ದೆ. ಫಯಾಜಣ್ಣಂದು ಏನೂ ತಪ್ಪಿಲ್ರಿ."

ಮೇಡಂ ಅವಳನ್ನೇ ನೋಡಿದರು. ಫಯಾಜನ ಕೈ ಗಂಟಿನ ಮೇಲೇ ಇತ್ತು.

"ಅಲ್ಲಬೇ," ಎಂದ ಅವನು, "ನೀ ಪೂಜಿ ಮಾಡಿದ್ದನ್ನ ನಾ ಗಿರಣಿಗೆ ಹಾಕೀನೇನು? ತೋಬಾ, ತೋಬಾ! ಮೊದಲ ಹೇಳಾಕ ಏನಾಗಿತ್ತು? ದೇವರಿಗೆ ಕೈ ಮುಗದಾದ್ರೂ ರುಬ್ಬತಿದ್ದೆ." ಎಂದು ಎರಡೂ ಕಿವಿ ಹಿಡಿದುಕೊಂಡ. ನಗಲು ಹೋದವನ ಕಣ್ಣು ತೇವವಾದವು.

ಮೇಡಂ ನಗಲಿಲ್ಲ. ಕುರ್ಚಿ ಎಳೆದು ಕುಳಿತರು.

"ಯಾವ ಕಲ್ಲಾದ್ರೂ ಸುತ್ತ ಸಿಪ್ಪಿ ಕತ್ತರಿಸಿ ತಗದ ರುಬ್ಬಬೇಕು. ಫಯಾಜ ಕತ್ತರಿಸ್ಲೇನ್ರಿ ಅಂತ ಕೇಳಿದ್ದ. ಗೇಣು ಕಲ್ಲೈತಿ, ಹಾಳ್ ಮಾಡಬ್ಯಾಡ ಅಂದಾಕಿ ನಾನ."

"ನಾ ಆರಿಸಿದ ಹರಳೂ ಕೆಟ್ಟಾವೇನ್ರಿ?" ಕಸ್ತೂರಿ ಹರಳುಗಳ ಸಾಲಿನತ್ತ ತಿರುಗಿದಳು.

"ಇಲ್ಲ. ಆ ಹರಳಿನೊಳಗಿನ ಸೀಸ ಯುರೇನಿಯಂ ಸವದು ಸವದು ಅಲ್ಲೇ ಹುಟ್ಟಿದ್ದು. ಅಲ್ಲಿ ನಿನ್ನ ಕುಂಕುಮ ಹೊಗಲಿಲ್ಲ. ವಯಸ್ಸು ಖರೇ ಐತಿ."

ಮೇಡಂ ಫೋನ್ ಎತ್ತಿಕೊಂಡರು.

"ನನ್ನ ಹೆಸರು ಹೇಳ್ರಿ," ಎಂದಳು ಕಸ್ತೂರಿ. "ಕೆಲಸ ಬಿಡಂದ್ರ ಬಿಡ್ತೀನ್ರಿ."

"ಇಬ್ಬರ ಹೆಸರೂ ಹೇಳ್ತೀನಿ. ನಿಂದೂ, ನಂದೂ. ಅವ್ರು ಏನಂತಾರೋ ನನಗ ಗೊತ್ತಿಲ್ಲ." ಬಾಗಿಲ ಹತ್ತಿರ ನಿಂತು ತಿರುಗಿದರು. "ಅರ್ಧ ಕಲ್ಲು ಉಳದೈತಿ. ಫಯಾಜ, ಸಿಪ್ಪಿ ತಗಿ."

ಫಯಾಜ ಗಂಟನ್ನು ಮತ್ತೆ ಬಿಗಿದುಕೊಂಡು ಗರಗಸ ಹಚ್ಚಿದ. ಕಸ್ತೂರಿ ನೀರು ಬಿಡುತ್ತ ನಿಂತಳು. ಬೂದು ಬಣ್ಣದ ಕೆಸರು ಹರಿಯಿತು, ಕಲ್ಲಿನ ಹೊರಮೈ ತೆಳ್ಳಗೆ ಸೀಳಿ ತಟ್ಟೆಗೆ ಬಿತ್ತು. ಗರಗಸ ನಿಂತಾಗ ಹೊರಗಿನಿಂದ ಮೇಡಂ ದನಿ ಕೇಳಿಸಿತು: "ಇಲ್ರೀ ಸರ್, ಪೂರ್ತಿ ಕೇಳ್ರಿ ಮೊದಲ..."

"ಇವನ್ನ ಹಾಕ್ಕೋ," ಎಂದು ಫಯಾಜ ತನ್ನ ಕೈಗವಸುಗಳನ್ನು ಕೊಟ್ಟ. ಅವು ಅವಳಿಗೆ ದೊಡ್ಡವು. ಬೆರಳ ತುದಿಗಳು ಖಾಲಿಯಾಗಿ ಜೋತವು. ಅವುಗಳ ನಡುವೆ ಅವಳು ಉಳಿದ ತುಂಡನ್ನು ಹಿಡಿದು ನಿಂತಳು. ಈಗಷ್ಟೆ ತೆರೆದ ಮುಖ ಒದ್ದೆಯಾಗಿ ಹೊಳೆಯುತ್ತಿತ್ತು, ಗುಲಾಬಿ ಕಾಳುಗಳು ಒಂದೊಂದೂ ಎಣಿಸುವಷ್ಟು ನಿಚ್ಚಳ. ಬಾಗಿಲಾಚೆ ಮಾತು ನಡೆದೇ ಇತ್ತು. ಫ್ಯಾನಿನ ಗಾಳಿಗೆ ಕಲ್ಲು ಒಂದು ಅಂಚಿನಿಂದ ನಿಧಾನವಾಗಿ ಆರುತ್ತ, ಬಣ್ಣ ತಿಳಿಯಾಗುತ್ತ ಬಂತು.