ಅತ್ತಿಗೆ ಕೊಟ್ಟ ನಾಲ್ಕು ಮಾರ್ಕು

ನಮ್ಮನೇಲಿ ಊಟ ಚೆನ್ನಾಗಿದೆ ಅಂತ ಯಾರೂ ಹೇಳಲ್ಲ. ಹೇಳಿದ್ರೆ ಆ ಮನುಷ್ಯನಿಗೆ ಜ್ವರ ಬಂದಿರಬೇಕು, ಇಲ್ಲಾ ಅಮ್ಮನ ಹತ್ರ ಏನೋ ಕೆಲಸ ಆಗಬೇಕಿರಬೇಕು.

ಅಪ್ಪ ಟೈಲರ್. ಒಂದು ತುತ್ತು ಬಾಯಿಗಿಟ್ಟು, ಗಿರಾಕಿ ತಂದ ಹಳೇ ಅಂಗಿ ನೋಡೋ ಹಾಗೆ ಕಣ್ಣು ಸಣ್ಣ ಮಾಡಿ, "ಸಾರು ಲೂಸಾಗಿದೆ ಕಣೇ, ಎರಡೂ ಕಡೆ ಹಿಡೀಬೇಕು" ಅಂತಾರೆ. "ನಿಮ್ಮ ಬಾಯಿಗೊಂದು ಕಾಜಾ ಹೊಲಿದು ಗುಂಡಿ ಹಾಕ್ತೀನಿ, ತಾಳಿ" ಅಂತ ಅಮ್ಮ ಸೌಟು ಎತ್ತುತ್ತಾಳೆ. ಅಪ್ಪನ ಅಮ್ಮ, ಅಂದ್ರೆ ನಮ್ಮಜ್ಜಿ, ಹತ್ತಕ್ಕೆ ಮಾರ್ಕು ಕೊಡ್ತಾಳೆ. ಅಮ್ಮ ಈ ಮನೆಗೆ ಬಂದಾಗಿನಿಂದ ತಗೊಂಡಿರೋ ಹೈಯೆಸ್ಟ್ ಸ್ಕೋರು ಆರು. ಅವತ್ತು ಅಕ್ಕಪಕ್ಕದ ಮನೆಗೆಲ್ಲ ಹೋಗಿ ಹೇಳ್ಕೊಂಡು ಬಂದಿದ್ಲು. ಇಷ್ಟೆಲ್ಲ ಕಿತ್ತಾಡಿ ಕೊನೆಗೆ ತಟ್ಟೆ ಹೊಳೆಯೋ ಹಾಗೆ ಬಳಿದಿಡ್ತೀವಿ. ನಮ್ಮ ಫ್ಯಾಮಿಲೀಲಿ ಮುದ್ದು ಮಾಡೋ ಸ್ಟೈಲೇ ಅದು.

ಈ ಕತೆಗೆ ಅತ್ತಿಗೆ ಎಂಟ್ರಿ ಕೊಟ್ಟಿದ್ದು ಲಿಫ್ಟಲ್ಲಿ. ಅಣ್ಣ ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಲಿಫ್ಟಲ್ಲಿ ಸಿಕ್ಕಿಬಿದ್ದಿದ್ದ ಹುಡುಗೀನ ಹೊರಗೆ ತೆಗೆಯೋಕೆ ಹೋದವನು ತಾನೇ ಸಿಕ್ಕಿಬಿದ್ದ. ಹುಡುಗಿ ದೂರದ ದೇಶದವರು, ಬೇರೆ ಭಾಷೆ, ಬೇರೆ ಊಟ. ನಮ್ಮ ಭಾಷೇನ ಅಣ್ಣನ ಹತ್ರ ಕಲಿತರು. ಅದರಲ್ಲಿ ನಮ್ಮನೇಲಿ ಹೆಚ್ಚು ಓಡಿದ್ದು ಒಂದೇ ಡೈಲಾಗು: "ತುಂಬಾ ಚೆನ್ನಾಗಿದೆ ಅತ್ತೆ."

ಒಂದಿನ ಅಮ್ಮ ಮರೆತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ಲು. ಬೀದಿ ನಾಯಿ ಮೂಸಿ ನೋಡಿ ಹಿಂದಕ್ಕೆ ಹೋಯ್ತು. ಅತ್ತಿಗೆ ಮಾತ್ರ ಕಣ್ಣಲ್ಲಿ ನೀರು ತುಂಬ್ಕೊಂಡು, "ತುಂಬಾ ಚೆನ್ನಾಗಿದೆ ಅತ್ತೆ" ಅಂದ್ರು.

ಅವತ್ತು ಅಮ್ಮ ಪಾತ್ರೆ ತೊಳೀತಾ ನನ್ನ ಹತ್ರ ಗೋಳಾಡಿದ್ಲು. "ಒಂದಿನಾನೂ ಉಪ್ಪು ಜಾಸ್ತಿ ಅಂದಿಲ್ಲ ಕಣೋ ಆ ಹುಡುಗಿ. ನೆಂಟರ ಮನೇಲಿ ಕೂತ ಹಾಗೆ ಕೂತ್ಕೋತಾಳೆ. ನನ್ನ ಕಂಡ್ರೆ ಆಗಲ್ವೇನೋ."

ಅದೇ ವಾರ ಅಣ್ಣ ನನ್ನನ್ನ ಮಹಡಿ ಮೇಲೆ ಎಳ್ಕೊಂಡು ಹೋದ. "ಲೋ ಪಟಾಕಿ, ಬೇರೆ ಮನೆ ನೋಡ್ತಿದೀನಿ ಕಣೋ."

ಪಟಾಕಿ ಅಂದ್ರೆ ನಾನೇ. ನಾನು ಮಾಡಿರೋ ತರಲೆಗಳಿಗೆ ಬೀದಿಯವರು ಕೊಟ್ಟ ಬಿರುದು.

"ಯಾರಿಗೋ ಮನೆ?"

"ನಮಗೇ. ಅವಳಿಗೆ ಊಟಕ್ಕೆ ಕೂರೋಕೆ ಭಯವಂತೆ. ತಾನು ಬಂದಿದ್ದಕ್ಕೇ ಇವರೆಲ್ಲ ದಿನಾ ಜಗಳ ಆಡ್ತಾರೆ ಅಂದ್ಕೊಂಡಿದಾಳೆ."

"ನಾವು ಹುಟ್ಟಿದಾಗಿನಿಂದ ಹೀಗೇ ಅಂತ ಹೇಳಲಿಲ್ವಾ?"

"ಹೇಳಿದೆ. ಸಮಾಧಾನಕ್ಕೆ ಹೇಳ್ತಿದೀರಿ ಅಂತಾಳೆ. ಮುಂದಿನ ವಾರ ಎಲ್ಲರೂ ಟ್ರಿಪ್ಪಿಗೆ ಹೋಗ್ತಿದೀವಲ್ಲ, ಅವತ್ತು ಸಂಜೆ ಬ್ರೋಕರ್ ಫೋನ್ ಮಾಡ್ತಾನೆ. ಹೂಂ ಅಂದ್ರೆ ಮನೆ ನಮ್ಮದು. ಅಮ್ಮಂಗೆ ಹೇಳಬೇಡ, ಸತ್ತೇ ಹೋಗ್ತಾಳೆ."

ನಂಗೆ ಬ್ಯಾಕ್‌ಗ್ರೌಂಡಲ್ಲಿ ಪಿಟೀಲು ಕೇಳಿಸ್ತು. ಟ್ರಿಪ್ಪಿನ ಡೈರೆಕ್ಷನ್ ಪೂರ್ತಿ ನಂದು. ಲಾಡ್ಜ್ ಹುಡುಕೋದು ನಾನು, ಹೋಟೆಲ್ ಹುಡುಕೋದು ನಾನು. ಹಾಗಾದ್ರೆ ಕ್ಲೈಮ್ಯಾಕ್ಸೂ ನಂದೇ ಅಂದ್ಕೊಂಡೆ.

ಲಾಡ್ಜ್ ಅಗ್ಗದ್ದು. ಫೋಟೋದಲ್ಲಿ ಕಿಟಕಿ ತೆಗೆದ್ರೆ ಇಡೀ ನಗರ ಕಾಣ್ತಿತ್ತು. ನಿಜವಾಗ್ಲೂ ಕಿಟಕಿ ತೆಗೆದ್ರೆ ಕಂಡಿದ್ದು ಪಕ್ಕದ ಬಿಲ್ಡಿಂಗಿನ ಗೋಡೆ, ಅದರ ಮೇಲೆ ಒಣಗ್ತಿದ್ದ ಯಾರದೋ ಬನಿಯನ್ನು.

"ಇದೇನೋ ನೋಟ?" ಅಂದ್ಲು ಅಮ್ಮ.

"ಕ್ಲೋಸಪ್ ಶಾಟ್ ಅಮ್ಮ."

ಆರು ಜನಕ್ಕೂ ಒಂದೇ ರೂಮು, ಸಾಲಾಗಿ ಆರು ಮಂಚ. ಅಪ್ಪ ಪರದೆ ಅಂಚು ತಿರುಗಿಸಿ, "ಇದನ್ನ ಹೊಲಿದವನು ಮಲಗಿಕೊಂಡು ಹೊಲಿದಿದಾನೆ" ಅಂದ್ರು. ಲಿಫ್ಟ್ ಕೆಟ್ಟಿತ್ತು. ಅಜ್ಜೀನ ಮೆಟ್ಟಿಲು ಹತ್ತಿಸಿ ಬಂದ ಅಣ್ಣ ಸುಮ್ಮನಿರೋಕಾಗದೆ ಮ್ಯಾನೇಜರ್ ಹತ್ರ ಸ್ಕ್ರೂಡ್ರೈವರ್ ಇಸ್ಕೊಂಡ. ಅರ್ಧ ಗಂಟೇಲಿ ಲಿಫ್ಟ್ ಓಡ್ತು. ಮ್ಯಾನೇಜರ್ ಖುಷಿಗೆ ರೂಮಿಗೊಂದು ಕರೆಂಟ್ ಕೆಟಲ್ ಕಳಿಸಿದ.

ಅತ್ತಿಗೆ ಸ್ನಾನಕ್ಕೆ ಹೋದಾಗ ನಾನು ಉಳಿದವರನ್ನ ಕೂರಿಸಿ ಬಾಂಬ್ ಇಟ್ಟೆ. "ಮಧ್ಯಾಹ್ನ ಅತ್ತಿಗೆ ದೇಶದವರ ಹೋಟೆಲಿಗೆ ಹೋಗ್ತಿದೀವಿ. ಅತ್ತಿಗೆಗೆ ಗೊತ್ತಿಲ್ಲ, ಸರ್‌ಪ್ರೈಸ್. ಆದ್ರೆ ಅಲ್ಲೊಂದು ರೂಲ್ಸಿದೆ. ಊಟಕ್ಕೆ ಯಾರಾದ್ರೂ ಹೆಸರಿಟ್ರೆ ಅಡುಗೆಯವರು ಬಂದು ತಟ್ಟೆ ಎತ್ಕೊಂಡು ಹೋಗ್ತಾರೆ. ಆಮೇಲೆ ಇಡೀ ಫ್ಯಾಮಿಲೀನ ಹೊರಗೆ ಹಾಕ್ತಾರೆ."

ಆ ರೂಲ್ಸು ಅಷ್ಟೂ ಸುಳ್ಳು. ಒಂದೇ ಒಂದು ಹೊತ್ತು ಅತ್ತಿಗೆ ತಮ್ಮ ಊರಿನ ಊಟಾನ ಹೆದರದೆ ಉಣ್ಣಲಿ ಅಂತ ನನ್ನ ಸ್ಕೆಚ್ಚು.

"ಒಂದು ಮಾತೂ ಆಡೋ ಹಾಗಿಲ್ವಾ?" ಅಂದ್ರು ಅಪ್ಪ, ಯಾರೋ ಸೂಜಿ ಕಿತ್ಕೊಂಡ ಹಾಗೆ.

"ಮಾರ್ಕು ಕೊಡಬಹುದು ತಾನೇ?" ಅಂದ್ಲು ಅಜ್ಜಿ.

"ಹತ್ತು ಮಾತ್ರ."

ಅಜ್ಜಿ ಗಾಬರಿ ಬಿದ್ದು ನೀರು ಕುಡಿದ್ಲು.

ಅತ್ತಿಗೆಗೆ ಡೌಟು ಬರಬಾರದು ಅಂತ ಮೊದಲು ಬೇರೆ ಎರಡು ಹೋಟೆಲಿಗೆ ನುಗ್ಗಿಸಿದೆ. ಒಂದರಲ್ಲಿ ಮೇಣದಬತ್ತಿ ಬಿಟ್ರೆ ಬೆಳಕೇ ಇಲ್ಲ. "ಕರೆಂಟ್ ಬಿಲ್ ಕಟ್ಟಿಲ್ವೇನೋ ಪಾಪ" ಅಂತ ಅಜ್ಜಿ ಬಾಗಿಲಲ್ಲೇ ತಿರುಗಿದ್ಲು. ಇನ್ನೊಂದರಲ್ಲಿ ಕುರ್ಚಿಗಳು ಎಷ್ಟೆತ್ತರ ಅಂದ್ರೆ ಅಜ್ಜಿಗೆ ಏಣಿ ಬೇಕಿತ್ತು. ಮೂರನೇದು ಸಣ್ಣ ಓಣೀಲಿತ್ತು. ಬೋರ್ಡ್ ನೋಡಿ ಅತ್ತಿಗೆ ಗಕ್ಕನೆ ನಿಂತ್ರು.

"ಪಟಾಕಿ, ಇದು ನಮ್ಮ ಅಕ್ಷರ."

ಒಳಗೆ ದುಂಡನೆ ಮೇಜುಗಳು, ಮೂಲೇಲಿ ಮಕ್ಕಳು ಆಡೋಕೆ ಚಾಪೆ, ಗೊಂಬೆ. ಯಜಮಾನಿ ತಾನೇ ಬಂದು ಅಜ್ಜಿ ಬೆನ್ನಿಗೊಂದು ದಿಂಬು ಕೊಟ್ಲು. ಹಲ್ಲಿಲ್ಲದ ಬಾಯಿ ನೋಡಿ, ಮೆತ್ತಗಿರೋದೇ ತರ್ತೀನಿ ಅಂತ ಕೈಸನ್ನೆ ಮಾಡಿದ್ಲು. ದೊಡ್ಡ ಬಟ್ಟಲಲ್ಲಿ ಹೊಗೆಯಾಡೋ ಸೂಪು ಬಂತು. ತರಕಾರಿ ತುಂಬಿ ಹಬೇಲಿ ಬೇಯಿಸಿದ ಹಿಟ್ಟಿನ ಪೊಟ್ಟಣಗಳೂ ಬಂದವು.

ಅತ್ತಿಗೆ ನಮ್ಮ ಮುಖಾನೇ ನೋಡ್ತಾ ಕೂತ್ರು, ಉಳಿದವರೆಲ್ಲ ಒಂದೊಂದು ಚಮಚ ಕುಡಿದ್ವಿ. ಅಪ್ಪ ಬಾಯಿ ತೆಗೆದ್ರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

"ಬಹಳ... ಚೆನ್ನಾಗಿದೆ" ಅಂದ್ರು, ಕೋರ್ಟಲ್ಲಿ ಸಾಕ್ಷಿ ಹೇಳೋರ ಥರ.

"ತುಂಬಾ ಚೆನ್ನಾಗಿದೆ" ಅಂದ್ಲು ಅಮ್ಮ, ಸೆರಗು ಹಿಂಡ್ತಾ.

ಅಜ್ಜಿ ಕಣ್ಣು ಮುಚ್ಚಿ ಉಸಿರು ಎಳ್ಕೊಂಡು, "ಹತ್ತಕ್ಕೆ ಹತ್ತು" ಅಂದ್ಲು.

ಅಣ್ಣನಿಗೆ ನೆತ್ತಿ ಹತ್ತಿತು. ಆಮೇಲೆ ಮೌನ. ಚಮಚದ ಸದ್ದು ಬಿಟ್ರೆ ಏನಿಲ್ಲ. ಅತ್ತಿಗೆ ಒಬ್ಬೊಬ್ಬರ ಮುಖಾನೂ ನೋಡಿದ್ರು. ಅವರ ಖುಷಿ ಇಳೀತಾ ಬಂತು.

"ಅತ್ತೆ, ಹುಷಾರಿಲ್ವಾ?"

"ಚೆನ್ನಾಗಿದೀನಮ್ಮ."

"ಮಾವ, ಕೋಪಾನಾ?"

"ಇಲ್ಲಮ್ಮ. ತುಂಬಾ ಚೆನ್ನಾಗಿದೆ."

ಅಣ್ಣ ನನ್ನ ಕಡೆ ಕೆಕ್ಕರಿಸಿ ನೋಡಿದ. ಪ್ಲಾನ್ ತಲೆಕೆಳಗಾಗಿತ್ತು. ಜಗಳ ಆಡೋರಿಗಿಂತ ಈ ಸುಮ್ಮನೆ ಕೂತ ಜನಾನೇ ಅತ್ತಿಗೆಗೆ ಹೆಚ್ಚು ಭಯ ಹುಟ್ಟಿಸ್ತಿದ್ರು. ಪಾಪ, ತಲೆ ತಗ್ಗಿಸಿ ಮೊದಲನೇ ಚಮಚ ಕುಡಿದ್ರು. ಹುಬ್ಬು ಗಂಟಿಕ್ಕಿದ್ರು. ಇನ್ನೊಂದು ಚಮಚ ಕುಡಿದ್ರು. ಚಮಚ ಕೆಳಗಿಟ್ರು.

"ಇದು ಚೆನ್ನಾಗಿಲ್ಲ."

ನಾನು ಎದೆ ಹಿಡ್ಕೊಂಡೆ.

"ಚೆನ್ನಾಗೇ ಇಲ್ಲ! ಹುಳೀನೇ ಇಲ್ಲ. ಪಾತ್ರೆ ತೊಳೆದ ನೀರು ಇದು! ನಮ್ಮಮ್ಮ ನೋಡಿದ್ರೆ ಸೌಟಲ್ಲಿ ಹೊಡೀತಿದ್ರು! ನೀವೆಲ್ಲ ಹೇಗೆ ಚೆನ್ನಾಗಿದೆ ಅಂತೀರಾ? ಅಜ್ಜಿ, ಅತ್ತೆ ಅಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಮೂರು, ಈ ನೀರಿಗೆ ಹತ್ತಾ?"

ಅಮ್ಮನ ಬಾಯಿ ಅರ್ಧ ತೆರೆದಿತ್ತು. ಇಷ್ಟು ದಿನ ಸೊಸೆಗೆ ಬಾಯ್ತುಂಬ 'ಬಾಮ್ಮ, ತಿನ್ನಮ್ಮ' ಅಂತಿದ್ದವಳು, ಮೊದಲನೇ ಸಲ ಅಂದ್ಲು, "ಏನಂದೆ ಕಣೇ? ಇನ್ನೊಂದ್ಸಲ ಹೇಳೇ!"

ಅಜ್ಜಿಗೆ ತಡೆಯೋಕಾಗಲಿಲ್ಲ. "ಈ ಪಟಾಕಿ ಮುಂಡೇದು ಹೆಸರಿಡಬಾರದು ಅಂತ ಕಟ್ಟಿಹಾಕಿದಾನೆ. ಎರಡು! ಅದರಲ್ಲೂ ಒಂದು ಬಟ್ಟಲಿಗೆ."

ಕಟ್ಟೆ ಒಡೀತು. "ಲೂಸಲ್ಲಮ್ಮ ಇದು, ಅಳತೇನೇ ತಗೊಂಡಿಲ್ಲ!" ಅಂದ್ರು ಅಪ್ಪ. "ಹಿಟ್ಟು ದಪ್ಪ ಆಯ್ತು" ಅಂದ್ಲು ಅಮ್ಮ. "ಗಂಡಸರು ತಿಂದಿದ್ದು ಸಾಕು, ಆ ಪೊಟ್ಟಣ ಇಲ್ಲಿ ತಳ್ಳು" ಅಂದ್ಲು ಅಜ್ಜಿ. ಬೈದು ಬೈದು ಅಪ್ಪ ಎರಡನೇ ಬಟ್ಟಲಿಗೆ ಕೈ ಚಾಚಿದ್ರು.

ಅತ್ತಿಗೆ ಮೆಲ್ಲಗೆ ಕೇಳಿದ್ರು, "ಮಾವ, ಬೈತಿದೀರಾ, ಆದ್ರೂ ಮತ್ತೆ ಹಾಕಿಸ್ಕೋತಿದೀರಾ?"

"ಬೈದ್ರೆ ತಾನೇ ತಾಯಿ ಹಸಿವಾಗೋದು!"

ಅತ್ತಿಗೆ ಅಣ್ಣನ ಕಡೆ ತಿರುಗಿದ್ರು. ಅಣ್ಣ, ನಾನು ಹೇಳಲಿಲ್ವಾ ಅನ್ನೋ ಹಾಗೆ ಹುಬ್ಬು ಹಾರಿಸಿದ.

ಗಲಾಟೆಗೆ ಯಜಮಾನಿ ಓಡಿ ಬಂದ್ಲು. ಎಲ್ಲರೂ ಕಲ್ಲಾದ್ರು. ತಟ್ಟೆ ಕಿತ್ಕೋತಾಳೆ ಅಂತ ಅಜ್ಜಿ ಬಟ್ಟಲನ್ನ ತಬ್ಬಿಕೊಂಡ್ಲು. ಅತ್ತಿಗೆ ತಮ್ಮ ಭಾಷೇಲಿ ಕೈ ಬೀಸಿ ಬೀಸಿ ಏನೋ ಹೇಳಿದ್ರು. ಯಜಮಾನಿ ಸೊಂಟ ಹಿಡ್ಕೊಂಡು ನಕ್ಕು ಒಳಗೆ ಓಡಿ, ಒಂದು ಸೊಟ್ಟ ಪಾತ್ರೇಲಿ ಬೇರೆ ಸೂಪು ತಂದ್ಲು.

"ಈ ಊರಿನ ಗಿರಾಕಿಗಳಿಗೆ ಹುಳಿ ಆಗಲ್ವಂತೆ. ಇದು ಅವರ ಮನೆಯವರು ಕುಡಿಯೋಕೆ ಮಾಡಿದ್ದು" ಅಂದ್ರು ಅತ್ತಿಗೆ. ಒಂದು ಗುಟುಕು ಕುಡಿದು, ತಕ್ಷಣ ಇನ್ನೊಂದು ಕುಡಿದ್ರು. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು, "ಹೇಗಿದೆಯೇ?" ಅಂದ್ಲು.

ಅತ್ತಿಗೆ ಮೂಗು ಒರೆಸ್ಕೊಂಡ್ರು. "ಏಳು."

"ಏಳಾ!" ಅಮ್ಮನ ಹೊಟ್ಟೆ ಉರಿದಿದ್ದು ಮುಖದಲ್ಲೇ ಕಾಣ್ತಿತ್ತು.

ಸಂಜೆ ರೂಮಿಗೆ ಬಂದಿದ್ದೇ ಅಮ್ಮ ಸೆರಗು ಸಿಕ್ಕಿಸಿ ಆ ಕೆಟಲ್ಲಲ್ಲಿ ಟೀ ಮಾಡಿದ್ಲು. ಮೊದಲನೇ ಲೋಟ ಸೊಸೆಗೆ. ಎಲ್ಲರೂ ಮಂಚದ ಮೇಲೆ ಉಸಿರು ಬಿಗಿ ಹಿಡಿದು ಕೂತ್ವಿ. ಅತ್ತಿಗೆ ಕುಡಿದ್ರು. ಅಪ್ಪನ ಥರಾನೇ ಕಣ್ಣು ಸಣ್ಣ ಮಾಡಿದ್ರು.

"ಲೂಸಾಗಿದೆ ಅತ್ತೆ. ಸಕ್ಕರೆ ಜಾಸ್ತಿ. ನಾಲ್ಕು."

"ನಾಲ್ಕಂತೆ ರೀ!" ಅಮ್ಮ ಕುಣಿದ್ಲು. "ಅಯ್ಯೋ ನನ್ನ ತಾಯಿ, ನಾಲ್ಕೇ ನಾಲ್ಕಂತೆ!" ಆರು ಬಂದ ದಿನ ಕೂಡ ಅವಳು ಹಾಗೆ ಕುಣಿದಿರಲಿಲ್ಲ.

ಅಷ್ಟರಲ್ಲಿ ಅಣ್ಣನ ಫೋನು ಹೊಡ್ಕೊಳ್ತು. ಬ್ರೋಕರ್. ಅಣ್ಣ ಬೆವರ್ತಾ ಫೋನನ್ನೇ ನೋಡ್ತಾ ನಿಂತ. ಅತ್ತಿಗೆ ಅವನ ಕೈಯಿಂದ ಕಿತ್ಕೊಂಡ್ರು.

"ಹಲೋ? ಹಾಂ, ಆ ಮನೆ ಬೇಡ. ಅಡುಗೆಮನೆ ತುಂಬಾ ಚಿಕ್ಕದು. ಆರು ಜನ ಕೂತು ಜಗಳ ಆಡೋಕಾಗಲ್ಲ."

ಫೋನಿಟ್ಟರು. ಅಮ್ಮ ಸಕ್ಕರೆ ಚಮಚ ಹಿಡ್ಕೊಂಡೇ ಕೇಳಿದ್ಲು, "ಯಾರೇ ಅದು? ಯಾವ ಮನೆ?"

"ರಾಂಗ್ ನಂಬರ್ ಅತ್ತೆ. ನೀವು ಇನ್ನೊಂದು ಲೋಟ ಹಾಕಿ."