ಗುಡ್ಡದ ಲೆಕ್ಕ

ಚಲನೆಯ ಪಾಠವನ್ನು ಕುರುಣೇಗಲ ಎಂಬ ಊರಿನ ಮಕ್ಕಳು ಓದುತ್ತಿರಲಿಲ್ಲ, ಹಾಡುತ್ತಿದ್ದರು. ಹಾಡು ಕಟ್ಟಿದವರು ಅಸೇಲ ವಿತಾನಗೆ ಸರ್. ಅವರ ಟ್ಯೂಷನ್ ಎಂದರೆ ತಗಡಿನ ಶೆಡ್ಡು, ಒಳಗೆ ತೊಡೆಗೆ ತೊಡೆ ತಾಗಿಸಿಕೊಂಡು ಕೂತ ಸಾವಿರ ಮಕ್ಕಳು. ಸರ್ ಮೈಕಿನಲ್ಲಿ ‘ಮೊದಲಿನ ವೇಗ ಕೊನೆಯದು ಕೂಡು’ ಎಂದರೆ ಸಾಕು, ‘ಅರ್ಧ ಮಾಡಿ ಸರಾಸರಿ ನೋಡು’ ಎಂದು ಮಕ್ಕಳು ತಗಡು ಹಾರಿಹೋಗುವಂತೆ ಕೂಗುತ್ತಿದ್ದರು. ವೇಗ ಒಂದೇ ಸಮನೆ ಏರುವ ಗಾಡಿಗೆ, ಅಂದರೆ ವೇಗೋತ್ಕರ್ಷ ಬದಲಾಗದ ಚಲನೆಗೆ, ಆ ಹಾಡು ಅಪ್ಪಟ ಸರಿ. ಎಲ್ಲ ಕಡೆ ಹಾಡಿದರೆ ಕೈಕೊಡುತ್ತದೆ. ಸರ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವರೇ ಎಡವಿದರೆ ಯಾರನ್ನು ಬೈಯುವುದು?

ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಅವರು ಊಹೆ ಪತ್ರಿಕೆ ಹಂಚುತ್ತಿದ್ದರು, ಈ ಸಲ ಇಂಥಿಂಥ ಪ್ರಶ್ನೆ ಬರುತ್ತದೆ ಎಂದು. ಊಹೆ ತಪ್ಪಿದ್ದು ಕಡಿಮೆ. ಅವರ ಅನ್ನವೂ ಅದೇ, ಜಂಬವೂ ಅದೇ. ಕೊನೆಯ ಕ್ಲಾಸಿನಲ್ಲಿ ಅವರ ಗಂಟಲು ಕಟ್ಟಿತ್ತು, ಬಸ್ಸಿಗೆ ಹೊತ್ತಾಯಿತೆಂದು ಮಕ್ಕಳು ಚೀಲ ಏರಿಸಿಕೊಳ್ಳುತ್ತಿದ್ದರು. ಆಗ ಬಂತು ಗುಡ್ಡದ ಲೆಕ್ಕ. ಲಾರಿಯೊಂದು ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ಗುಡ್ಡ ಹತ್ತಿ, ಅದೇ ದಾರಿಯಲ್ಲಿ ಅರವತ್ತರಂತೆ ಇಳಿದರೆ ಸರಾಸರಿ ಎಷ್ಟು?

“ಇದು ಬಂದೇ ಬರುತ್ತೆ” ಎಂದ ಸರ್ ಅದೇ ಹಾಡು ಎತ್ತಿದರು. ಸಾವಿರ ಗಂಟಲು ನಲವತ್ತು ಎಂದವು. ಸರ್ ಬೋರ್ಡಿನ ಮೇಲೆ ನಲವತ್ತು ಬರೆದು, ಸುತ್ತ ಗೆರೆ ಎಳೆದು, ಒಳ್ಳೆಯದಾಗಲಿ ಎಂದು ಕಳಿಸಿಕೊಟ್ಟರು.

ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಸರ್ ಕ್ಯಾಂಡಿಗೆ ಹೋಗಿ, ದಂತಮಂದಿರದಲ್ಲಿ ತಾವರೆ ಇಟ್ಟು, ತಮ್ಮ ಊಹೆ ಫಲಿಸಲಿ ಎಂದು ಬೇಡಿಕೊಂಡರು. ಹೋಗುವಾಗ ಗಲಗೆದರದ ಏರಿನಲ್ಲಿ ಬಸ್ಸು ಮರ ತುಂಬಿದ ಲಾರಿಯ ಹಿಂದೆ ತೆವಳಿತ್ತು. ಬೆವರು ಒರೆಸಿ ಒರೆಸಿ ಕರವಸ್ತ್ರ ಒದ್ದೆಯಾದರೂ ಏರು ಮುಗಿದಿರಲಿಲ್ಲ. ಬರುವಾಗ ಡ್ರೈವರ್ ಅದೇ ದಾರಿಯಲ್ಲಿ ಜೀವದ ಹಂಗಿಲ್ಲದೆ ಓಡಿಸಿದ. ಕೈಯಲ್ಲಿದ್ದ ಕಡಲೆ ಪೊಟ್ಟಣ ಖಾಲಿಯಾಗುವ ಮೊದಲೇ ಗುಡ್ಡ ಖಾಲಿ.

ಸರ್ ಅಗಿಯುವುದನ್ನು ನಿಲ್ಲಿಸಿದರು. ನಿಧಾನವಾಗಿ ಹೋದದ್ದೇ ಹೆಚ್ಚು ಹೊತ್ತು ಅಲ್ಲವೇ? ಗುಡ್ಡದ ದಾರಿ ಅರವತ್ತು ಕಿಲೋಮೀಟರ್ ಎಂದಿಟ್ಟುಕೊಂಡರೆ ಹತ್ತಲು ಮೂರು ಗಂಟೆ, ಇಳಿಯಲು ಒಂದೇ ಗಂಟೆ. ಹೋಗಿಬಂದ ನೂರಿಪ್ಪತ್ತನ್ನು ನಾಲ್ಕರಿಂದ ಭಾಗಿಸಬೇಕು. ಮೂವತ್ತು! ನಲವತ್ತಲ್ಲ, ಮೂವತ್ತು.

ಮನೆಯಲ್ಲಿ ಹೆಂಡತಿ ಚಾಂದನಿ ತೆಂಗಿನಕಾಯಿ ತುರಿಯುತ್ತಿದ್ದಳು. ಸರ್ ಹೇಳಿದ್ದನ್ನು ಕೇಳಿ ತುರಿಯುವುದನ್ನೇನೂ ನಿಲ್ಲಿಸಲಿಲ್ಲ.

“ಒಂದು ಲೆಕ್ಕಕ್ಕೆ ಇಷ್ಟು ಗೋಳಾ? ಬಿಡಿ ಅತ್ಲಾಗೆ.”

“ಒಂದು ಲೆಕ್ಕ ಅಲ್ಲ, ಸಾವಿರ ಮಕ್ಕಳು! ಒಂದೇ ಒಂದು ಮಾರ್ಕಿಗೆ ಫೇಲಾಗೋರು ಅದರಲ್ಲಿ ಎಷ್ಟು ಜನ ಇದಾರೋ. ಫೇಲಾದ್ರೆ ಹುಡುಗೀರನ್ನ ನೇರ ಗಾರ್ಮೆಂಟ್ಸಿಗೆ ಕಳಿಸ್ತಾರೆ.”

“ಹೋಗಿ ಹೇಳಿ ಮತ್ತೆ. ಪರೀಕ್ಷೆ ಮುಗಿಯೋವರೆಗೂ ಟ್ಯೂಷನ್ ಮೇಷ್ಟ್ರು ಪಾಠದ ಬಗ್ಗೆ ಬಾಯಿ ಬಿಟ್ರೆ ಪೊಲೀಸ್ನೋರು ಎತ್ತಾಕ್ಕೊಂಡು ಹೋಗ್ತಾರೆ. ಶೆಡ್ಡಿಗೆ ಬೀಗ ಬೀಳುತ್ತೆ. ಆಮೇಲೆ ಏನು ತಿನ್ನೋಣ, ನಿಮ್ಮ ಹಾಡಾ?”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಕ್ಕಳ ಕೈಗೆ ಇನ್ನೂ ಫೋನು ಬಂದಿರದ ಕಾಲ ಅದು, ಯಾರಿಗೆಂದು ಹೇಳಿ ಕಳಿಸುವುದು? ತಮ್ಮ ಊಹೆ ಸುಳ್ಳಾಗಲಿ ಎಂದು ಸರ್ ಬದುಕಿನಲ್ಲಿ ಮೊದಲ ಸಲ ಬೇಡಿಕೊಂಡರು. ಬೇಡಿಕೊಂಡು ಸುಮ್ಮನಿರಲೂ ಆಗಲಿಲ್ಲ.

ಬೆಳಗ್ಗೆ ಬ್ರೆಡ್ಡು ಮಾರುವ ಆಟೋ ಮೈಕಿನಲ್ಲಿ ಸಂಗೀತ ಹಾಕಿಕೊಂಡು ಬೀದಿಗೆ ಬಂದಾಗ ಸರ್ ಮನೆಯಲ್ಲಿ ಉಡುವ ಸರೋಂಗಿನಲ್ಲೇ ಓಡಿಹೋಗಿ ಅಡ್ಡ ನಿಂತರು.

“ಏನ್ ಸರ್, ಇಷ್ಟು ಹಸಿವಾ? ಮೀನಿನ ಬನ್ನು ಬಿಸಿಬಿಸಿ ಇದೆ” ಎಂದ ಆಟೋದ ವಿಪುಲ.

“ಬನ್ನು ಬೇಡ ಮಲ್ಲಿ, ನಿನ್ನ ಮೈಕು ಬೇಕು. ಹೆಣ್ಮಕ್ಕಳ ಸ್ಕೂಲಿನ ಹತ್ರ ನಡಿ. ನಿನ್ನ ಕಾಲಿಗೆ ಬೀಳ್ತೀನಿ!”

ಮಲ್ಲಿ, ಅಂದರೆ ತಮ್ಮಾ ಎಂದು ಕರೆಸಿಕೊಂಡ ಮೇಲೆ ವಿಪುಲನಿಗೆ ಇಲ್ಲ ಎನ್ನಲಾಗಲಿಲ್ಲ. ಶಾಲೆಯ ಗೇಟಿನ ಒಳಗೆ ಬಿಳಿ ಯೂನಿಫಾರ್ಮಿನ ಮಕ್ಕಳು ಆಗಲೇ ಸಾಲುಗಟ್ಟಿದ್ದರು. ಸರ್ ಆಟೋದ ಮೆಟ್ಟಿಲ ಮೇಲೆ ನಿಂತು ಮೈಕು ಹಿಡಿದರು.

“ಮಕ್ಕಳೇ! ಗುಡ್ಡದ ಲೆಕ್ಕಕ್ಕೆ ಕೂಡು ನೋಡು ಅಂತ—”

ಮುಂದಿನದು ಯಾರಿಗೂ ಕೇಳಿಸಲಿಲ್ಲ. “ಅಸೇಲ ಸರ್! ನಮಗೋಸ್ಕರ ಬಂದಿದಾರೆ ಕಣ್ರೇ!” ಎಂದು ಒಬ್ಬಳು ಕಿರುಚಿದಳು. ಸಾಲಿಗೆ ಸಾಲೇ ತಿರುಗಿತು. ಇಡೀ ಅಂಗಳ ಕೈ ತಟ್ಟುತ್ತಾ ‘ಮೊದಲಿನ ವೇಗ ಕೊನೆಯದು ಕೂಡು, ಅರ್ಧ ಮಾಡಿ ಸರಾಸರಿ ನೋಡು’ ಎಂದು ಹಾಡತೊಡಗಿತು. ಸರ್ ಬೇಡ ಬೇಡ ಎಂದು ಎರಡೂ ಕೈ ಬೀಸಿದರು. ತಾಳ ಹಾಕುತ್ತಿದ್ದಾರೆಂದು ತಿಳಿದು ಮಕ್ಕಳು ಇನ್ನೂ ಜೋರು ಮಾಡಿದರು. ಮೂವತ್ತು, ಮೂವತ್ತು ಎಂದು ಅವರು ಅರಚಿದ್ದು ಪಕ್ಕದಲ್ಲಿದ್ದ ವಿಪುಲನಿಗೂ ಕೇಳಿಸಲಿಲ್ಲ. ಗಂಟೆ ಹೊಡೆಯಿತು. ಮಕ್ಕಳು ನಗುತ್ತಾ ಕೈಬೀಸುತ್ತಾ ಒಳಗೆ ಹೋದರು.

ಕಾನ್‌ಸ್ಟೆಬಲ್ ಹೇರತ್ ಬಂದು ಮೆಲ್ಲಗೆ ಮೈಕು ಕಿತ್ತುಕೊಂಡ. “ಬೇಜಾರ್ ಮಾಡ್ಕೋಬೇಡಿ ಸರ್, ಮೇಲಿನೋರ ಆರ್ಡರ್ರು. ನನ್ನ ಮಗಳೂ ನಿಮ್ಮ ಕ್ಲಾಸೇ” ಎಂದು ಸ್ಟೇಷನ್ನಿಗೆ ಕರೆದೊಯ್ದ.

ಬೆಂಚಿನ ಮೇಲೆ ಕೂತ ಸರ್ ಗೋಡೆ ಗಡಿಯಾರ ನೋಡುತ್ತಲೇ ಇದ್ದರು. ಹೇರತ್ ತಂದಿಟ್ಟ ಚಹಾ ಆರಿಹೋಯಿತು. ಈಗ ಪತ್ರಿಕೆ ಕೊಟ್ಟಿರುತ್ತಾರೆ, ಈಗ ಬರೆಯುತ್ತಿರುತ್ತಾರೆ ಎಂದು ಅವರು ಒಬ್ಬರೇ ಗೊಣಗುತ್ತಿದ್ದರು.

ಮಧ್ಯಾಹ್ನ ಹೇರತ್‌ನ ಮಗಳು ತಿಲಿನಿ ಓಡುತ್ತಾ ಒಳಗೆ ಬಂದಳು. “ಅಪ್ಪಚ್ಚಿ, ಪರೀಕ್ಷೆ—” ಎಂದವಳು ಬೆಂಚಿನ ಮೇಲಿದ್ದ ಸರ್‌ ಅವರನ್ನು ನೋಡಿ, ಅಪ್ಪನನ್ನು ಮರೆತು, ಅವರ ಕಾಲಿಗೆ ಅಡ್ಡಬಿದ್ದಳು.

“ಸರ್, ಬಂತು! ಗುಡ್ಡದ ಲೆಕ್ಕ ಬಂದೇಬಿಡ್ತು! ಎಲ್ಲರೂ ನಲವತ್ತು ಬರೆದ್ವಿ. ನಾನು ಮೊದಲು ಬೇರೆ ಥರ ಮಾಡಿದ್ದೆ ಸರ್, ಅದ್ಯಾಕೋ ಮೂವತ್ತು ಬಂತು. ಆಮೇಲೆ ನಿಮ್ಮ ಹಾಡು ನೆನಪಾಯ್ತು, ಹೊಡೆದುಹಾಕಿದೆ.”

ಹೇರತ್ ಹೆಮ್ಮೆಯಿಂದ ಮಗಳ ತಲೆ ಸವರಿದ. ಸರ್ ಬೆಂಚಿನಿಂದ ಎದ್ದರು.

“ಮೂವತ್ತೇ ಸರಿ, ಮಗಳೇ. ನಲವತ್ತು ತಪ್ಪು.”

ಸರ್ ತಮಾಷೆ ಮಾಡುತ್ತಿದ್ದಾರೆಂದು ತಿಲಿನಿ ಕಿಲಕಿಲ ನಕ್ಕಳು.

“ಹೋಗಿ ಸರ್. ನೀವೇ ಹೇಳಿಕೊಟ್ಟಿದ್ದಲ್ವಾ?”