ಹರಿಯಬೇಕಾದ ಹುರಿ

ವರ್ಲನ್‌ಗೆ ಐವತ್ತೆಂಟು ತುಂಬಿತ್ತು. ಹೊಟ್ಟೆಕಿಚ್ಚು ಮಾತ್ರ ಹದಿನೆಂಟರ ಹುಡುಗನದು. ಯೂಟಾದ ಕೆಂಪು ಕಣಿವೆಗಳಲ್ಲಿ ಹೇರುಕುದುರೆಗಳ ಸಾಲು ನಡೆಸುತ್ತಾ ಅವನು ಇಪ್ಪತ್ತು ವರ್ಷ ಕಳೆದಿದ್ದ. ಟಿಲ್ಲಿ ಎಂಬ ಕಂದು ಹೆಣ್ಣುಕುದುರೆಯನ್ನು ಮರಿಯಿಂದ ಪಳಗಿಸಿದವನೂ ಅವನೇ. ಈ ಸಲದ ಆರು ದಿನದ ಪಯಣದಲ್ಲಿ ಯಜಮಾನಿ ಥೋರಾ ಟಿಲ್ಲಿಯನ್ನೂ ಮುಂದಿನ ಸಾಲನ್ನೂ ಹೊಸಬ ಆರ್ಡನ್‌ಗೆ ಕೊಟ್ಟುಬಿಟ್ಟಳು.

"ಮೊಣಕಾಲು ನೋವು ಅಂತಿರ್ತೀಯಲ್ಲ, ಹಿಂದೆ ಆರಾಮಾಗಿ ಬಾ," ಎಂದಳು.

ಆರಾಮವಂತೆ! ಮುಂದಿನವರು ಎಬ್ಬಿಸಿದ ಧೂಳು ತಿನ್ನುವುದು ಆರಾಮವೇ? ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಮೊದಲ ದಿನ ಸಂಜೆ ಆರ್ಡನ್ ಸಿಳ್ಳೆ ಹಾಕಿದ್ದೇ ತಡ, ಟಿಲ್ಲಿ ಹೋಗಿ ಅವನ ಜೇಬಿಗೆ ಮೂತಿ ತೂರಿಸಿತು. ವರ್ಲನ್ ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ.

"ವರ್ಲನಣ್ಣ, ಎಂಥಾ ಚಿನ್ನದಂಥ ಕುದುರೆ ಮಾಡಿಟ್ಟಿದೀಯ!" ಎಂದ ಆರ್ಡನ್.

"ನಿನಗೋಸ್ಕರ ಮಾಡಿದ್ದಲ್ಲಪ್ಪ," ಎಂದು ವರ್ಲನ್ ಮುಖ ತಿರುಗಿಸಿದ.

ಸಾಲಿನಲ್ಲಿ ಒಂದು ಕುದುರೆಯನ್ನು ಮುಂದಿನದರ ಜೀನಿಗೆ ಕಟ್ಟುವಾಗ ನಡುವೆ ತೆಳ್ಳನೆಯ ಹುರಿ ಇರಬೇಕು. ಒಂದು ಜಾರಿದರೆ ಹುರಿ ಪಟ್ಟನೆ ಹರಿದು ಇನ್ನೊಂದು ಉಳಿಯುತ್ತದೆ. ಎರಡನೆಯ ದಿನ ಆರ್ಡನ್‌ನ ಹುರಿ ಸುಮ್ಮಸುಮ್ಮನೆ ಎರಡು ಸಲ ಹರಿದಿತ್ತು. ಮೂರನೆಯ ಬೆಳಿಗ್ಗೆ ಅವನು ಕಿರಿಕಿರಿಯೇ ಬೇಡವೆಂದು ಟಿಲ್ಲಿಯ ಹಿಂದಿನ ಬೂದು ಕುದುರೆಯ ಹಗ್ಗವನ್ನು ಹುರಿಯಿಲ್ಲದೆ ನೇರ ಟಿಲ್ಲಿಯ ಜೀನಿಗೇ ಬಿಗಿದ. ವರ್ಲನ್ ನೋಡಿದ. ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಥೋರಾಳೇ ನೋಡಲಿ, ಎಲ್ಲರೆದುರು ಉಗಿಯಲಿ, ಇವನ ಜಂಬ ಇಳಿಯಲಿ!

ಥೋರಾ ನೋಡಲಿಲ್ಲ. ಪಯಣಕ್ಕೆಂದು ಪೇಟೆಯಿಂದ ಬಂದ ಅತಿಥಿಗಳನ್ನು ಕುದುರೆ ಹತ್ತಿಸುವುದರಲ್ಲೇ ಅವಳಿಗೆ ಸಾಕುಸಾಕಾಗಿತ್ತು.

ಬಂಡೆಯಂಚಿನ ದಾರಿ ಬಂದಾಗ ವರ್ಲನ್ ಆ ಹಗ್ಗದ ಮೇಲೇ ಕಣ್ಣಿಟ್ಟ. ಈಗ ಕೂಗಿ, ಆ ಇಕ್ಕಟ್ಟಿನಲ್ಲಿ ಕುದುರೆ ಬೆದರಿದರೆ ಗತಿಯೇನು? ಚಾಕು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ತಿರುವಿನಲ್ಲಿ ಬೂದು ಕುದುರೆಯ ಹಿಂಗಾಲು ಜಾರಿತು. ಅದರ ಭಾರಕ್ಕೆ ಟಿಲ್ಲಿ ಹಿಂದುಹಿಂದಕ್ಕೆ ಅಂಚಿನತ್ತ ಸರಿಯತೊಡಗಿತು. ವರ್ಲನ್ ತನ್ನ ಕುದುರೆಯಿಂದ ಹಾರಿ ಇಳಿದು, ಓಡಿ, ಹಗ್ಗ ಕೊಯ್ದ. ಟಿಲ್ಲಿ ಉಳಿಯಿತು. ಬೂದು ಕುದುರೆ ಹೇರಿನ ಸಮೇತ ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ.

ಬಯಲು ಸಿಕ್ಕಿದ ಮೇಲೆ ಆರ್ಡನ್ ಅಳುತ್ತಿದ್ದ. "ತಪ್ಪು ನಂದೇ ಥೋರಕ್ಕ. ವರ್ಲನಣ್ಣ ಇಲ್ದಿದ್ರೆ ಟಿಲ್ಲೀನೂ ಹೋಗಿರೋದು."

ಥೋರಾ ಟಿಲ್ಲಿಯ ಹಗ್ಗವನ್ನು ವರ್ಲನ್‌ನ ಕೈಗಿಟ್ಟಳು. "ಇನ್ಮೇಲೆ ನೀನೇ ಮುಂದೆ ನಡಿ. ಅದ್ಸರಿ, ಚಾಕು ಅಷ್ಟು ಬೇಗ ಹೇಗೆ ತೆಗೆದ್ಯೋ?"

ಸುಳ್ಳು ಹೇಳಬಹುದಿತ್ತು. ಟಿಲ್ಲಿ ಇನ್ನೂ ನಡುಗುತ್ತಾ ಅವನ ಭುಜಕ್ಕೆ ಮೂತಿ ಒರಗಿಸಿ ನಿಂತಿತ್ತು.

"ಕೈಯಲ್ಲೇ ಇತ್ತು," ಎಂದ. "ಹುರಿ ಹಾಕದ ಗಂಟು ಬೆಳಿಗ್ಗೇನೇ ನೋಡಿದ್ದೆ."

ಥೋರಾ ಅವನ ಕೈಯಿಂದ ಹಗ್ಗ ಬಿಡಿಸಿಕೊಂಡು ಆರ್ಡನ್‌ಗೆ ಕೊಟ್ಟಳು.

"ಹುರಿ ಕಟ್ಟೋದನ್ನ ಇವನಿಗೆ ನಾನು ಹೇಳಿಕೊಡ್ತೀನಿ," ಎಂದಳು. "ನಿನಗೆ ಏನಂತ ಹೇಳಿಕೊಡ್ಲಿ, ವರ್ಲನ್?"